ಗಂಡನಿಗೆ ಕಿಡ್ನಿ ಕೊಡಾಕ ಮನಸ್ಸಿಲ್ಲ, ಇದನ್ನ ಯಾರ ಮುಂದ ಹೇಳ್ಲಿ?

ಪ್ರಶ್ನೆ: ಡಾಕ್ಟ್ರ, ನಮಸ್ಕಾರ್ರಿ. ನಮ್ಮದು ಇಂಡಿ ತಾಲೂಕು. ನನಗ 29 ವರ್ಷ, ಐದು ವರ್ಷದ ಮಗಳದಾಳ. ನಮ್ಮ ಮನಿಯವ್ರಿಗೆ 37, ಎರಡೂ ಕಿಡ್ನಿ ಫೇಲ್ ಆಗಿ ವರ್ಷ ಆಗಾಕ ಬಂತು, ವಾರಕ್ಕ ಎರಡು ಸಲ ಡಯಾಲಿಸಿಸ್ ನಡದೈತಿ. ಟ್ರಾನ್ಸ್‌ಪ್ಲಾಂಟ್ ಮಾಡಸ್ರಿ ಅಂದಾರ. ಮನ್ಯಾಗ ಎಲ್ಲಾರೂ ನೀನ ಕೊಡಬೇಕು ಅಂತ ಕುಂತಾರ. ಅತ್ತಿ ‘ಗಂಡನಕಿಂತ ನಿನಗ ಕಿಡ್ನಿ ಹೆಚ್ಚಾತೇನ’ ಅಂತಾರ, ಭಾವ ‘ಬ್ಲಡ್ ಗ್ರೂಪ್ ಕೂಡಿ ಬಂದೈತಿ, ಇನ್ನೇನ ವಿಚಾರ’ ಅಂತಾರ. ಮೈದುನ ಕೊಡ್ತೀನಿ ಅಂದಿದ್ದ, ನೆಗೆಣ್ಣಿ ಒಲ್ಲೆ ಅಂದ್ಲು, ಅದನ್ನ ಎಲ್ಲಾರೂ ಒಪ್ಪಿದ್ರು. ನನಗ ಭಾಳ ಅಂಜಿಕಿ ಆಗ್ತೈತ್ರಿ, ಇನ್ನೊಂದು ಮಗು ಬೇಕು ಅಂತನೂ ಐತಿ. ಮುಂದಿನ ತಿಂಗಳ ಬೆಳಗಾವಿಗೆ ಟೆಸ್ಟಿಗೆ ಕರ್ಕೊಂಡು ಹೊಂಟಾರ. ಒಲ್ಲೆ ಅಂತ ಮನ್ಯಾಗ ಹೇಳೂಹಂಗಿಲ್ಲ. ಡಾಕ್ಟರ್ರೇ ‘ಇಕಿದು ಆಗೂದಿಲ್ಲ’ ಅಂದುಬಿಟ್ರ ಮುಗೀತಿತ್ತು. ಹಂಗ ಅಂತಾರೇನ್ರಿ? ಒಲ್ಲೆ ಅಂದ್ರ ಪಾಪ ಬರ್ತೈತೇನ್ರಿ? ನನ್ನ ತಮ್ಮ ಕೊಡಬಹುದೇನ್ರಿ?

ಉತ್ತರ: ಮೊದಲು ನೆಟ್ಟಗ ಉತ್ತರ ಕೊಟ್ಟುಬಿಡ್ತೀನಿ ತಂಗಿ, ಕಾರಣ ಆಮ್ಯಾಲೆ. ಹೌದು, ನೀವು ಒಲ್ಲೆ ಅನ್ನಬಹುದು. ಟೆಸ್ಟಿಗೆ ಮೊದಲು ಅನ್ನಬಹುದು, ಟೆಸ್ಟ್ ಎಲ್ಲಾ ಮುಗದು ಸಹಿ ಮಾಡಿದ ಮ್ಯಾಲೂ ಅನ್ನಬಹುದು, ಆಪರೇಶನ್ ದಿನ ಮುಂಜಾನೆ ಸ್ಟ್ರೆಚರ್ ಮ್ಯಾಲೆ ಮಲಗಿಸಿದಾಗೂ ಅನ್ನಬಹುದು. ನೀವು ಸಹಿ ಮಾಡೂ ಫಾರ್ಮಿನಾಗನ ಬರದಿರ್ತೈತಿ, ಆಪರೇಶನ್ನಿಗಿಂತ ಮೊದಲು ಯಾವಾಗ ಬೇಕಾದ್ರೂ ಒಪ್ಪಿಗಿ ವಾಪಸ್ ತಗೋಬಹುದು ಅಂತ. ಯಾಕ ಅಂತ ಯಾರಿಗೂ ಕಾರಣ ಕೊಡೂ ಜರೂರಿಲ್ಲ. ಮತ್ತ ನೀವು ಒಲ್ಲೆ ಅಂದದ್ದು ಮನಿಯವ್ರ ಕಿವಿಗೆ ಬೀಳದಂಗ ಡಾಕ್ಟ್ರು ನಡಕೋಬಹುದು. ನಡಕೋಬೇಕು ಅಂತನ ನಾ ಹೇಳೂದು, ಆದ್ರ ಹೆಂಗ ನಡಕೋಬೇಕು ಅನ್ನೂದ್ರ ಬಗ್ಗೆ ನಮ್ಮ ಡಾಕ್ಟ್ರೊಳಗನ ಒಂದು ಜಗಳ ಐತಿ, ಅದಕ್ಕ ಮುಂದ ಬರ್ತೀನಿ.

ಕಾಯ್ದೆ ಏನ ಹೇಳ್ತೈತಿ ಅಂದ್ರ, ನಮ್ಮ ದೇಶದಾಗ 1994ರಾಗ ಅಂಗಾಂಗ ಕಸಿ ಕಾಯ್ದೆ ಬಂತು, 2011ರಾಗ ತಿದ್ದುಪಡಿ ಆತು, 2014ರಾಗ ಹೊಸ ನಿಯಮ ಬಂದ್ವು. ಆ ನಿಯಮದಾಗ ಹೆಣ್ಮಕ್ಕಳ ಸಲುವಾಗೇ ಒಂದು ಮಾತು ಐತಿ: ದಾನಿ ಹೆಣ್ಮಗಳಾಗಿದ್ರ ಹೆಚ್ಚಿನ ಎಚ್ಚರಿಕಿ ಬೇಕು, ಅಕಿ ಯಾರು ಅನ್ನೂದನ್ನೂ, ಅಕಿ ತನ್ನ ಸ್ವಂತ ಮನಸ್ಸಿಂದ ಒಪ್ಪ್ಯಾಳೋ ಇಲ್ಲೋ ಅನ್ನೂದನ್ನೂ, ಕಿಡ್ನಿ ತಗೊಳ್ಳೂ ಮನಷ್ಯಾನ್ನ ಬಿಟ್ಟು ಬ್ಯಾರೆಯವ್ರ ಕಡಿಂದ ಖಾತ್ರಿ ಮಾಡ್ಕೋಬೇಕು ಅಂತ. ಇದನ್ನ ಬರದವ್ರಿಗೆ ನಮ್ಮ ಮನಿಗಳ ಪರಿಸ್ಥಿತಿ ಚಲೋ ಗೊತ್ತಿತ್ತು ಅಂತ ಕಾಣತೈತಿ. ಗಂಡ ಹೆಂಡ್ತಿ ನಡುವಿನ ದಾನಕ್ಕ ಫಾರ್ಮ್ 2 ಅಂತ ಬ್ಯಾರೆನ ಐತಿ, ಅದರ ಜೋಡಿ ಮದುವಿ ಸರ್ಟಿಫಿಕೇಟು, ಮದುವಿ ಫೋಟೋ ಇಂಥಾವೆಲ್ಲಾ ಕೊಡಬೇಕು. ಎಷ್ಟೋ ಮನಿಯವ್ರು ಈ ಕಾಗದಪತ್ರ ಹೊಂದಿಸೂದನ್ನ ಒಪ್ಪಿಗಿ ಅಂತ ತಿಳಕೊಂಡಿರ್ತಾರ. ಮದುವಿ ಆಲ್ಬಮ್ ತಂದು ಟೇಬಲ್ ಮ್ಯಾಲೆ ಇಡ್ತಾರ, ಅಕ್ಷತಿ ಬಿದ್ದ ಫೋಟೋ ತಗದು ತೋರಸ್ತಾರ, ಆದ್ರ ಆ ಫೋಟೋದಾಗಿನ ಹುಡಿಗೀನ ‘ನಿನಗೇನ ಅನಸ್ತೈತಿ’ ಅಂತ ಯಾರೂ ಒಂದು ಮಾತು ಕೇಳಿರೂದಿಲ್ಲ.

ಆಸ್ಪತ್ರಿಯೊಳಗ ಏನ ಆಗ್ತೈತಿ ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಿಮ್ಮ ಅಂಜಿಕಿ ಇರೂದು ಅಲ್ಲೇ. ನಮ್ಮ ಕಡೆ ದಾನಿ ಒಬ್ಬಕಿನ ಬರೂದಿಲ್ಲ, ಇಡೀ ಮನಿನ ಬರ್ತೈತಿ, ಅತ್ತಿ, ಭಾವ, ಒಬ್ರು ಊರಿನ ಹಿರ್ಯಾರು. ನಾನು ‘ಹೆಸರೇನ್ರಿ ಅವ್ವಾರ’ ಅಂತೀನಿ, ಭಾವ ಹೇಳ್ತಾನ. ‘ಮಕ್ಕಳೆಷ್ಟು’ ಅಂತೀನಿ, ಅತ್ತಿ ಹೇಳ್ತಾಳ. ‘ಕಿಡ್ನಿ ಕೊಡಾಕ ನಿಮಗ ಒಪ್ಪಿಗಿ ಐತೇನು’ ಅಂದ್ರ ಮೂರೂ ಮಂದಿ ಕೂಡೇ ‘ಐತ್ರಿ ಐತ್ರಿ’ ಅಂತಾರ, ಅಕಿ ಮಾತ್ರ ಸೆರಗಿನ ಚುಂಗು ಬೆರಳಿಗೆ ಸುತ್ತಕೋಂತ ನೆಲ ನೋಡ್ತಿರ್ತಾಳ. ಆವಾಗ ಎಲ್ಲಾರ್ನೂ ಹೊರಗ ಕಳಸೂದು. ಲಗೂನ ಏಳೂದಿಲ್ಲ. ‘ಅಕಿಗೇನ ತಿಳೀತೈತ್ರಿ ಸಾಹೇಬ್ರ, ನಮ್ಮನ್ನ ಕೇಳ್ರಿ’ ಅಂತಾರ. ಅಕಿಗೆ ತಿಳಿಯೂದಿಲ್ಲ ಅಂದ್ರ ಅಕಿ ಕಿಡ್ನಿ ತಗೊಳಾಕೂ ಬರೂದಿಲ್ಲ ನೋಡ್ರಿ ಅಂದ ಮ್ಯಾಲೆ ಒಬ್ಬೊಬ್ರ ಎದ್ದು ಹೊಕ್ಕಾರ.

ಬಾಗಲಾ ಹಾಕಿದ ಮ್ಯಾಲೆ ಬರೂ ಉತ್ತರ ಬ್ಯಾರೆನ ಇರ್ತಾವ. ಎಲ್ಲಾರೂ ಒಲ್ಲೆ ಅಂತಾರ ಅಂತ ತಿಳೀಬ್ಯಾಡ್ರಿ, ‘ನಾ ಕೊಡ್ತೀನ್ರಿ, ಇವ್ರು ಯಾಕ ಇಷ್ಟು ಒದರ್ಯಾಡ್ತಾರೋ ಏನೋ’ ಅಂತ ನಕ್ಕವ್ರೂ ಅದಾರ. ಕೆಲವ್ರಿಗೆ ಕೊಡಾಕ ಮನಸ್ಸೈತಿ ಆದ್ರ ಹಿಂದ ಕೂಸಿನ್ನ ನೋಡ್ಕೊಳ್ಳಾಕ ಯಾರಿಲ್ಲ. ಕೆಲವ್ರಿಗೆ ಆಪರೇಶನ್ ಅಂದ್ರನ ಅಂಜಿಕಿ, ತಿಳಿಸಿ ಹೇಳಿದ್ರ ಹೊಕ್ಕೈತಿ. ಇನ್ನ ಕೆಲವ್ರು ಖರೇನ ಒಲ್ಲೆ ಅಂತಾರ, ಅವ್ರು ಮೊದಲು ಕೇಳೂ ಮಾತು ಒಂದ, ‘ಹೊರಗ ಹೇಳ್ತೀರೇನ್ರಿ?’

ಅದಕ್ಕ ನೀವು ಮಾಡಬೇಕಾದ್ದು ಇಷ್ಟ. ಹೋದ ಮೊದಲನೇ ದಿನನ, ಟೆಸ್ಟಿಗೆ ರಕ್ತ ಕೊಡೂದಕ್ಕಿಂತ ಮೊದಲ, ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ (ದಾನಿ, ರೋಗಿ, ಡಾಕ್ಟ್ರ ನಡುವ ಎಲ್ಲಾ ಹೊಂದಿಸಿ ಕೊಡವ್ರು) ಯಾರು ಅಂತ ಕೇಳ್ರಿ. ಪರವಾನಿಗಿ ಇರೂ ಟ್ರಾನ್ಸ್‌ಪ್ಲಾಂಟ್ ಆಸ್ಪತ್ರಿಯೊಳಗ ಆ ಕೆಲಸಕ್ಕ ಒಬ್ರು ಇರಬೇಕು. ಒಂಟಿಯಾಗಿ ಮಾತಾಡಾಕ ಬಿಡ್ಲಿಲ್ಲ ಅಂದ್ರ ನರ್ಸಿಗೆ ‘ಹೆಣ್ಮಕ್ಕಳ ತೊಂದ್ರಿ ಒಂದು ಹೇಳೂದೈತ್ರಿ ಸಿಸ್ಟರ್’ ಅನ್ರಿ, ಭಾವ ತಾನ ಹೊರಗ ಹೊಕ್ಕಾನ, ಅತ್ತಿನ್ನ ನರ್ಸ್ ಕಳಸ್ತಾರ. ಒಳಗ ಕುಂತು ‘ನನಗ ಕೊಡಾಕ ಮನಸ್ಸಿಲ್ಲ, ಮನ್ಯಾಗ ಹೇಳಾಕ ಆಗೂದಿಲ್ಲ’ ಅಂದ್ರ ಸಾಕು, ಅಳೂದು ಬ್ಯಾಡ, ಕಥಿ ಕಟ್ಟೂದು ಬ್ಯಾಡ. ಟೆಸ್ಟಿಗಿಂತ ಮೊದಲು ಹೇಳ್ರಿ ಅನ್ನಾಕ ಕಾರಣ ಏನಂದ್ರ, ದಾನಿಗೆ ಮಾಡೂ ಟೆಸ್ಟು ಸಣ್ಣವಲ್ಲ, ಇಬ್ರ ರಕ್ತ ಹೊಂದತೈತೋ ಇಲ್ಲೋ ನೋಡೂ ಕ್ರಾಸ್‌ಮ್ಯಾಚು, ಒಂದೊಂದು ಕಿಡ್ನಿ ಎಷ್ಟು ಕೆಲಸ ಮಾಡ್ತೈತಿ ಅಂತ ನೋಡೂ ಡಿಟಿಪಿಎ ಸ್ಕ್ಯಾನು, ರಕ್ತನಾಳಕ್ಕ ಡೈ ಬಿಟ್ಟು ಮಾಡೂ ಸಿಟಿ ಆಂಜಿಯೊ, ಕೊಡಾಕ ಮನಸ್ಸಿಲ್ಲದವ್ರಿಗೆ ಅವೆಲ್ಲಾ ಯಾಕ? ಇನ್ನೊಂದು, ನಿಮ್ಮ ಭಾವ ಅಂದಂಗ ಬ್ಲಡ್ ಗ್ರೂಪ್ ಕೂಡಿದ್ರ ಮುಗೀಲಿಲ್ಲ, ಅದು ಬರೇ ಮೊದಲನೇ ಬಾಗಲಾ. ಎಲ್ಲಾ ಟೆಸ್ಟ್ ಚಲೋ ಬಂದ ಮ್ಯಾಲೆ ಹಿಂದ ಸರಿಯೂದು ನಿಮಗೂ ಕಷ್ಟ ಆಗ್ತೈತಿ, ಡಾಕ್ಟ್ರಿಗೂ ಕಷ್ಟ ಆಗ್ತೈತಿ, ಯಾಕಂದ್ರ ಅಷ್ಟೊತ್ತಿಗೆ ರಿಪೋರ್ಟ್ ಭಾವನ ಮೊಬೈಲಿನಾಗ ಇರ್ತಾವ. ಅಂದಂಗ ನಿಮ್ಮ ರಿಪೋರ್ಟು ನಿಮ್ಮವು. ನಿಮ್ಮನ್ನ ಕೇಳದ ಅವನ್ನ ಭಾವನ ವಾಟ್ಸ್ಯಾಪಿಗೆ ಕಳಸಾಕ ಲ್ಯಾಬಿನವ್ರಿಗೂ ಹಕ್ಕಿಲ್ಲ, ನಮಗೂ ಇಲ್ಲ.

ಈಗ ಆ ಜಗಳದ ಮಾತು. ನೀವು ಕೇಳಿದ್ದು, ಡಾಕ್ಟರ್ರೇ ‘ಆಗೂದಿಲ್ಲ’ ಅಂತಾರೇನು ಅಂತ. ಭಾಳ ಕಡೆ ಅಂತಾರ, ಜಗತ್ತಿನ ತುಂಬ ಅಂತಾರ, ಆದ್ರ ಹೆಂಗ ಅಂತಾರ ಅನ್ನೂದ್ರಾಗ ಫರಕ್ ಐತಿ. ಕೆಲವ್ರು ದಾನಿನ್ನ ಉಳಸಾಕ ಅಂತ ಒಂದು ಸುಳ್ಳು ರೋಗ ಹೇಳಿಬಿಡ್ತಾರ, ‘ನಿಮ್ಮ ಸೊಸಿ ಕಿಡ್ನಿಯೊಳಗ ಹರಳು ಐತಿ’ ಅಂತನೋ ‘ರಕ್ತನಾಳ ಸರಿ ಇಲ್ಲ’ ಅಂತನೋ. ಇನ್ನ ಕೆಲವ್ರು ಡಾಕ್ಟ್ರಾದವ್ರು ಸುಳ್ಳು ಹೇಳಬಾರದು, ಮನಿಯವ್ರನ್ನ ಕುಂದ್ರಿಸಿ ‘ಅಕಿಗೆ ಮನಸ್ಸಿಲ್ಲ’ ಅಂತ ಖರೇ ಹೇಳಬೇಕು ಅಂತಾರ. ಎರಡನೇದು ಕೇಳಾಕ ದೊಡ್ಡ ಮಾತು, ಆದ್ರ ಆ ಖರೇ ಹೇಳಿದ ಡಾಕ್ಟ್ರು ಸಂಜೀಕ ತಮ್ಮ ಮನಿಗೆ ಹೊಕ್ಕಾರ, ಆ ಹೆಣ್ಮಗಳು ಹೋಗಬೇಕಾದ್ದು ಅದ ಅತ್ತಿ ಮನಿಗೆ. ಹಂಗಾಗಿ ಅದು ನನಗ ಒಪ್ಪಿಗಿ ಇಲ್ಲ. ಸುಳ್ಳು ರೋಗ ಹೇಳೂದೂ ಒಪ್ಪಿಗಿ ಇಲ್ಲ, ಅದಕ್ಕ ಕಾರಣ ಡಾಕ್ಟ್ರ ಸತ್ಯಸಂಧತಿ ಅಲ್ಲ, ಆ ಸುಳ್ಳು ಅಕಿ ಬೆನ್ನು ಬಿಡೂದಿಲ್ಲ ಅನ್ನೂದು. ಕಿಡ್ನಿಯೊಳಗ ದೋಷ ಐತಿ ಅಂತ ಒಂದು ಸಲ ಮನ್ಯಾಗ ಗೊತ್ತಾದ್ರ ಮುಗೀತು, ನಾಳೆ ಅಕಿಗೆ ತಲಿನೋವು ಬಂದ್ರೂ ‘ಇಕಿಗೂ ಕಿಡ್ನಿ ಐತಿ’ ಅಂತಾರ, ಮಗಳಿಗೆ ವರ ನೋಡೂ ಹೊತ್ತಿನಾಗ ‘ತಂದಿಗೂ ಕಿಡ್ನಿ ತಾಯಿಗೂ ಕಿಡ್ನಿ’ ಅಂತ ಮಾತು ಬರ್ತೈತಿ, ಫೈಲಿನಾಗ ಬರದಿದ್ರಂತೂ ಆರೋಗ್ಯ ವಿಮಾ ಮಾಡಸೂವಾಗ ಅದ ಎದ್ದು ಬರ್ತೈತಿ. ಮ್ಯಾಲಾಗಿ ಭಾವ ಗಟ್ಟಿಗ ಇದ್ರ ಪುಣೆಗೋ ಹೈದ್ರಾಬಾದಿಗೋ ಕರ್ಕೊಂಡು ಹೋಗಿ ಮತ್ತ ಸ್ಕ್ಯಾನ್ ಮಾಡಸ್ತಾನ, ಹರಳು ಎಲ್ಲಿಂದ ಬರಬೇಕು?

ನಾನು ಹೇಳೂದು ಒಂದ ಮಾತು: ‘ಇವ್ರು ದಾನಿ ಆಗಾಕ ಸೂಕ್ತ ಅಲ್ಲ.’ ಅಷ್ಟ. ಯಾಕ ಅಂತ ಕೇಳ್ತಾರ, ಕೇಳೇ ಕೇಳ್ತಾರ, ‘ದಾನಿಯ ವಿವರ ಬ್ಯಾರೆಯವ್ರಿಗೆ ಹೇಳಾಕ ಬರೂದಿಲ್ಲ, ನಿಯಮ ಹಂಗೈತಿ, ಮುಂದಿನ ದಾನಿ ಯಾರಿದ್ರ ಕರ್ಕೊಂಡು ಬರ್ರಿ’ ಅಂತ ಮಾತು ತಿರುಗಸೂದು. ಇದ್ರಾಗ ಸುಳ್ಳಿಲ್ಲ, ಯಾಕಂದ್ರ ಮನಸ್ಸಿಲ್ಲದವ್ರು ವೈದ್ಯಕೀಯ ಲೆಕ್ಕದಾಗೂ ಸೂಕ್ತ ದಾನಿ ಅಲ್ಲ, ಮನಸ್ಸಿನ ತಪಾಸಣಿ ಅನ್ನೂದು ದಾನಿಯ ತಪಾಸಣಿಯ ಒಂದು ಭಾಗನ. ಇದಕ್ಕೂ ತಕರಾರು ಮಾಡೂ ಡಾಕ್ಟ್ರು ಅದಾರ, ಮನಿಯವ್ರು ರೋಗ ಅಂತ ತಪ್ಪು ತಿಳಕೊಳ್ಳಲಿ ಅಂತನ ನೀವು ಹಂಗ ಹೇಳ್ತೀರಿ, ಅದೂ ಒಂಥರಾ ಮೋಸ ಅಂತಾರ. ಇರಬಹುದು. ಆದ್ರ ಅವ್ರು ಏನ ತಿಳಕೋತಾರ ಅನ್ನೂದು ಅವ್ರಿಗೆ ಬಿಟ್ಟದ್ದು, ನಾನು ಕಾಯಬೇಕಾದ್ದು ನನ್ನ ಮುಂದ ಕುಂತ ದಾನಿನ್ನ.

ಇಲ್ಲೇ ಒಂದು ಅಡ್ಡ ಮಾತು. ಬ್ರಿಟನ್ನಿನಾಗ ಬದುಕಿರೂ ದಾನಿನ್ನ ಮಾತಾಡಸಾಕ ಟ್ರಾನ್ಸ್‌ಪ್ಲಾಂಟ್ ತಂಡಕ್ಕ ಸಂಬಂಧ ಇಲ್ಲದ ಒಬ್ಬ ಸ್ವತಂತ್ರ ಅಸೆಸರ್ ಇರ್ತಾರ, ಅಮೆರಿಕಾದಾಗ ದಾನಿ ಪರವಾಗೇ ಒಬ್ರು ಇರಬೇಕು ಅಂತ ನಿಯಮ ಐತಿ. ನಮ್ಮ ಕಡೆ ಭಾಳ ಸಲ ಗಂಡಗ ಡಯಾಲಿಸಿಸ್ ಮಾಡೂ ಡಾಕ್ಟ್ರ ಹೆಂಡ್ತಿಗೆ ‘ನಿಮ್ಮ ಮನಸ್ಸಿಗೆ ಏನ ಅನಸ್ತೈತಿ’ ಅಂತ ಕೇಳ್ತಾರ. ಆ ಡಾಕ್ಟ್ರಿಗೆ ತಮ್ಮ ಪೇಶಂಟ್ ಉಳೀಬೇಕು ಅಂತ ಇರ್ತೈತಿ, ಇರಬೇಕು ಕೂಡ, ಆದ್ರ ಅದ ಮನಷ್ಯಾ ನಿಮ್ಮ ಪರವಾಗೂ ಅಷ್ಟ ಗಟ್ಟಿಯಾಗಿ ನಿಂದ್ರೂದು ತ್ರಾಸಿನ ಕೆಲಸ. ನಿಮ್ಮ ಮಾತು ಕೇಳೂ ಡಾಕ್ಟ್ರು ಗಂಡನ ಡಾಕ್ಟ್ರ ಆಗಿದ್ರ ಮನೋವೈದ್ಯರ ಜೋಡಿ ಮಾತಾಡ್ತೀನಿ ಅಂತ ಕೇಳ್ರಿ. ಕೇಳಿದ್ರ ಯಾರೂ ತಪ್ಪು ತಿಳಕೊಳ್ಳೂದಿಲ್ಲ.

ಇನ್ನ ನಿಮ್ಮ ಎದಿಯೊಳಗ ಇರೂ ದೊಡ್ಡ ಅಂಜಿಕಿ, ನೀವು ಬರದಿಲ್ಲ ಆದ್ರ ಐತಿ ಅಂತ ಗೊತ್ತಾಗ್ತೈತಿ: ನಾ ಒಲ್ಲೆ ಅಂದ್ರ ಅವ್ರು ಸಾಯ್ತಾರೇನು? ಇಲ್ಲ, ನಿಮ್ಮ ಒಲ್ಲೆದಿಂದ ನಾಳೆ ಏನೂ ಆಗೂದಿಲ್ಲ. ಅವ್ರು ಡಯಾಲಿಸಿಸ್ ಮ್ಯಾಲೆ ಅದಾರ, ಡಯಾಲಿಸಿಸ್ ಮ್ಯಾಲೆ ವರ್ಷಗಟ್ಟಲೆ ಬದುಕಿದವ್ರು, ಕೆಲಸ ಮಾಡವ್ರು ಅದಾರ. ಆದ್ರ ನಿಮ್ಮನ್ನ ಸಮಾಧಾನ ಮಾಡಾಕ ಅಂತ ನಾ ಸುಳ್ಳು ಹೇಳೂದಿಲ್ಲ, 37 ವರ್ಷದವ್ರಿಗೆ ಟ್ರಾನ್ಸ್‌ಪ್ಲಾಂಟ್ ಡಯಾಲಿಸಿಸ್ಸಿಗಿಂತ ಖರೇನ ಚಲೋ, ಆಯಸ್ಸೂ ಹೆಚ್ಚು, ಮೈಯಾಗ ಶಕ್ತಿನೂ ಹೆಚ್ಚು, ವಾರದಾಗ ಮೂರು ದಿನ ಮಶೀನಿಗೆ ಕಟ್ಟಿಹಾಕಿಸ್ಕೊಂಡು ಮಲಗೂದು ತಪ್ಪತೈತಿ. ಮೂರು ದಿನ ಅಂದೆ ನೋಡ್ರಿ, ನಿಮ್ಮ ಮನಿಯವ್ರಿಗೆ ಎರಡ ಸಲ ನಡದೈತಿ ಅಂತ ಬರದೀರಿ. ಸಾಮಾನ್ಯವಾಗಿ ವಾರಕ್ಕ ಮೂರು ಸಲ, ಒಂದೊಂದು ಸಲಕ್ಕ ನಾಕು ತಾಸು ಬೇಕು. ನಮ್ಮ ಕಡೆ ರೊಕ್ಕ, ಬಸ್ಸು, ಕೂಲಿ ತಪ್ಪೂದು ಅಂತ ಎರಡಕ್ಕ ನಿಲ್ಲಸ್ತಾರ, ಆಮ್ಯಾಲೆ ರಾತ್ರಿ ಉಸಿರು ಕಟ್ತೈತಿ, ಕಾಲು ಬಾತಾವ, ಆವಾಗ ಮನ್ಯಾಗ ‘ನೋಡು ಹೊಂಟ, ನೀ ಕೊಡವಲ್ಲಿ’ ಅಂತ ಗದ್ಲ ಸುರು ಆಗ್ತೈತಿ. 2016ರಿಂದ ಕೇಂದ್ರದ್ದು ಡಯಾಲಿಸಿಸ್ ಕಾರ್ಯಕ್ರಮ ಐತಿ, ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಸರ್ಕಾರಿ ಆಸ್ಪತ್ರಿಯೊಳಗ ಪುಕ್ಕಟೆ ಮಾಡ್ತಾರ, ಎಷ್ಟೋ ತಾಲೂಕು ಆಸ್ಪತ್ರಿಯೊಳಗೂ ಮಶೀನ್ ಬಂದಾವ. ಮೂರನೇ ಸಲಕ್ಕ ಪಾಳಿ ಸಿಗತೈತೇನು ಅಂತ ಈ ವಾರನ ಕೇಳ್ರಿ. ನೀರು, ಉಪ್ಪು ಹಿಡಿತದಾಗ ಇಡಸ್ರಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಾಕ ಅಂತ ರಕ್ತನಾಳ ಜೋಡಿಸಿದ್ದು) ಮಾಡಿದ ಕೈಲೆ ಭಾರ ಎತ್ತಿಸಬ್ಯಾಡ್ರಿ. ಇಷ್ಟು ಸರಿ ಆದ್ರ ಮನಿಯೊಳಗಿನ ಅವಸರ ಅರ್ಧ ಇಳೀತೈತಿ, ವಿಚಾರ ಮಾಡಾಕ ಎಲ್ಲಾರಿಗೂ ಟೈಮ್ ಸಿಗತೈತಿ.

ಅದರ ಜೋಡಿನ ಅವ್ರ ಹೆಸರನ್ನ ಜೀವಸಾರ್ಥಕತೆಯೊಳಗ ಹಚ್ಚಸ್ರಿ. ಮೆದುಳು ನಿಷ್ಕ್ರಿಯ ಆದವ್ರ ಅಂಗ ಹಂಚೂ ಕೆಲಸ ನಮ್ಮ ರಾಜ್ಯದಾಗ ಅದರ ಕಡೆ ಐತಿ. ಹೆಸರು ಹಚ್ಚೂದು ಟ್ರಾನ್ಸ್‌ಪ್ಲಾಂಟ್ ಮಾಡೂ ಆಸ್ಪತ್ರಿ ಮುಖಾಂತರನ. ಪಾಳಿ ಬರಾಕ ವರ್ಷಗಳ ಹಿಡೀಬಹುದು, ಅದಕ್ಕ ಮನ್ಯಾಗ ದಾನಿ ಸಿಕ್ಕ ಮ್ಯಾಲೆ ನೋಡೂಣು ಅಂತ ಕಾಯಬ್ಯಾಡ್ರಿ, ಹೆಸರಂತೂ ಇವತ್ತ ಇರಲಿ. ಬಿಪಿಎಲ್ ಮನಿಯವ್ರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಕಡಿಂದ ಕಸಿ ಆಪರೇಶನ್ನಿಗೆ ಯೋಜನಾನೂ ಐತಿ, ಕೋಆರ್ಡಿನೇಟರ್ ಕಡೆ ಅದರ ಕಾಗದ ಇರ್ತಾವ.

ಟ್ರಾನ್ಸ್‌ಪ್ಲಾಂಟ್ ಅಂದ್ರ ರೋಗ ಮುಗೀತು ಅಂತನೂ ಅಲ್ಲ, ಇದನ್ನ ನಿಮ್ಮ ಅತ್ತಿಗೆ ಯಾರೂ ಹೇಳಿರಾಕಿಲ್ಲ. ಹಾಕಿದ ಕಿಡ್ನಿ ಆಯುಷ್ಯಪೂರ್ತಿ ಬರತೈತಿ ಅಂತ ಗ್ಯಾರಂಟಿ ಇಲ್ಲ, ಬದುಕಿರೂ ದಾನಿದು ಸಾಮಾನ್ಯವಾಗಿ 15 ವರ್ಷದ ಆಜೂಬಾಜೂ, ಕೆಲವ್ರಿಗೆ 20ರ ಮ್ಯಾಲೂ ಹೋಗತೈತಿ, ಕೆಲವ್ರಿಗೆ ಲಗೂನ ಹೊಕ್ಕೈತಿ. ಹಾಕಿದ ಕಿಡ್ನಿನ್ನ ಮೈ ತಿರಸ್ಕಾರ ಮಾಡದಂಗ ತಡಿಯೂ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟಿರಾಯ್ಡ್ ಗುಳಿಗಿ ದಿನಾ ಟೈಮಿಗೆ ಸರಿಯಾಗಿ ತಗೋಬೇಕು, ತಿಂಗಳಾ ಸಾವಿರಗಟ್ಟಲೆ ಖರ್ಚು. ಗುಳಿಗಿ ತಪ್ಪಿಸಿ, ಯಾವನೋ ಹೇಳಿದ ಅಂತ ಭಸ್ಮ ತಿಂದು, ಹೆಂಡ್ತಿ ಕೊಟ್ಟ ಕಿಡ್ನಿನ್ನ ಕಳಕೊಂಡವ್ರು ಅದಾರ.

ಈಗ ನಿಮ್ಮ ಮೈಗೆ ಏನ ಆಗ್ತೈತಿ ಅನ್ನೂದು. ನೀವು ಒಲ್ಲೆ ಅಂದ್ರೂ ತಿಳಕೊಂಡು ಒಲ್ಲೆ ಅನ್ರಿ, ಯಾರೋ ಓಣ್ಯಾಗ ‘ಒಂದ ಕಿಡ್ನಿ ಇದ್ರ ಕೊಡ ಎತ್ತಾಕ ಆಗೂದಿಲ್ಲ, ಮುಗೀತು ಜೀವನ’ ಅಂದದ್ದು ಕೇಳಿ ಬ್ಯಾಡ. ದಾನಿ ಆಪರೇಶನ್ ಈಗ ಹೆಚ್ಚಾಗಿ ದೂರ್ಬೀನಿನಾಗ ಮಾಡ್ತಾರ, ನಾಕೈದು ದಿನಕ್ಕ ಮನಿಗೆ ಹೋಗಬಹುದು, ಒಂದೂವರಿ ತಿಂಗಳ ಭಾರ ಎತ್ತೂಹಂಗಿಲ್ಲ, ಆಮ್ಯಾಲೆ ಹೊಲದ ಕೆಲಸನೂ ನಡೀತೈತಿ. ಉಳಿದ ಕಿಡ್ನಿ ದುಡಿಯೂದು ಹೆಚ್ಚು ಮಾಡ್ಕೋತೈತಿ, ಮೊದಲು ಎರಡೂ ಸೇರಿ ಮಾಡ್ತಿದ್ದ ಕೆಲಸದಾಗ ಸುಮಾರು 70 ಪರ್ಸೆಂಟ್ ಅದೊಂದ ಮಾಡ್ತೈತಿ. ಆಪರೇಶನ್ ಕಾರಣಕ್ಕ ಜೀವ ಹೋಗೂದು ಅಮೆರಿಕಾದ ಹಳೆ ಲೆಕ್ಕದಾಗ 10,000 ದಾನಿಗಳೊಳಗ 3 ಮಂದಿದು, ಈಗ ಅದಕ್ಕಿಂತ ಕಮ್ಮಿ. ಮುಂದ ದಾನಿದೇ ಕಿಡ್ನಿ ಫೇಲ್ ಆಗೂದ್ರ ಬಗ್ಗೆ 2014ರಾಗ ಅಲ್ಲೇ ಒಂದು ದೊಡ್ಡ ಲೆಕ್ಕ ಬಂತು, 15 ವರ್ಷದಾಗ 10,000 ದಾನಿಗಳೊಳಗ ಸುಮಾರು 31 ಮಂದಿಗೆ ಹಂಗ ಆಗಿತ್ತು, ಅಷ್ಟ ಗಟ್ಟಿ ಆರೋಗ್ಯ ಇದ್ದು ಕಿಡ್ನಿ ಕೊಡದವ್ರೊಳಗ 4 ಮಂದಿಗೆ. ಅಂದ್ರ ರಿಸ್ಕ್ ಹೆಚ್ಚಾಗ್ತೈತಿ ಖರೇ, ಆದ್ರ ಸಾವಿರಕ್ಕ ಮೂರರ ಮಾತು ಅದು. ನಾನು 29 ವರ್ಷದವ್ರಿಗೆ ಇದನ್ನ ಹೇಳೂವಾಗ ಇನ್ನೊಂದು ಮಾತು ಸೇರಸ್ತೀನಿ, ಆ ಲೆಕ್ಕ 15 ವರ್ಷದ್ದು, ನಿಮ್ಮ ಮುಂದ ಇನ್ನ 50 ವರ್ಷ ಅದಾವ, ಶುಗರ್ರು ಬಿಪಿ ಬರೂ ವಯಸ್ಸು ಇನ್ನ ಮುಂದ ಐತಿ, ಹಂಗಾಗಿ ಸಣ್ಣ ವಯಸ್ಸಿನ ದಾನಿಗೆ ಮುಂದ ಏನಾಗ್ತೈತಿ ಅಂತ ಹೇಳೂದು 55 ವರ್ಷದವ್ರಿಗೆ ಹೇಳೂದಕ್ಕಿಂತ ಕಷ್ಟ.

ಮಗುವಿನ ವಿಷಯ ನೀವು ಒಂದ ಸಾಲಿನಾಗ ಬರದು ಬಿಟ್ಟೀರಿ, ಅದು ಸಣ್ಣದಲ್ಲ. ಕಿಡ್ನಿ ಕೊಟ್ಟ ಮ್ಯಾಲೂ ಬಸರಾಗಬಹುದು, ಬಹಳಷ್ಟು ಮಂದಿಗೆ ಸುಸೂತ್ರ ಹೆರಿಗಿ ಆಗ್ತೈತಿ. ಆದ್ರ ಬಸರಿದ್ದಾಗ ಬಿಪಿ ಏರೂದು ಹೆಚ್ಚು, ಕೆನಡಾದಾಗ ನೋಡಿದ ಲೆಕ್ಕ 2015ರಾಗ ಬಂತು, ಕಿಡ್ನಿ ಕೊಟ್ಟವ್ರೊಳಗ 100ಕ್ಕ 11, ಕೊಡದವ್ರೊಳಗ 100ಕ್ಕ 5. ಅದಕ್ಕ ಇನ್ನೊಂದು ಮಗು ಬೇಕು ಅನ್ನವ್ರಿಗೆ ನಾವು ಮೊದಲು ಅದನ್ನ ಮುಗಿಸಿ ಆಮ್ಯಾಲೆ ದಾನದ ವಿಚಾರ ಮಾಡ್ರಿ ಅಂತೀವಿ, ಮೊದಲು ಕೊಟ್ಟಿದ್ರ ಒಂದು ವರ್ಷದ ಮಟ ತಡೀರಿ ಅಂತೀವಿ. ಡಾಕ್ಟ್ರ ಮುಂದ ಈ ಮಾತನ್ನ ಮರೀದ ಹೇಳ್ರಿ. ಸೂಕ್ತ ಅಲ್ಲ ಅನ್ನಾಕ ಇದು ಕಟ್ಟಿದ ಕಾರಣ ಅಲ್ಲ, ಖರೇ ಕಾರಣ, ನಿಮಗ ಹೇಳಬೇಕನಿಸಿದ್ರ ಮನ್ಯಾಗೂ ತಲಿ ಎತ್ತಿ ಹೇಳೂವಂಥಾ ಕಾರಣ.

ಮನ್ಯಾಗ ಬ್ಯಾರೆ ಯಾರು ಕೊಡಬಹುದು? ಕಾಯ್ದೆ ಪ್ರಕಾರ ಹತ್ತಿರದ ಸಂಬಂಧಿಗಳು ಅಂದ್ರ ಗಂಡ, ಹೆಂಡ್ತಿ, ತಂದಿ, ತಾಯಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, 2011ರಿಂದ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರ್ಯಾರ. ಈ ಯಾದಿ ಓದಿದ್ರ ನಿಮಗ ಹೊಳೀಬೇಕು, ನಿಮ್ಮ ಮ್ಯಾಲೆ ಒತ್ತಡ ಹಾಕ್ತಿರೂ ಇಬ್ರೂ ಇದ್ರಾಗ ಅದಾರ. ಅತ್ತಿಗೆ ವಯಸ್ಸೆಷ್ಟು ಅಂತ ನೀವು ಬರದಿಲ್ಲ, 37 ವರ್ಷದ ಮಗ ಇದ್ದಾನಂದ್ರ 55-60ರ ಆಸುಪಾಸು ಇರಬೇಕು, ಶುಗರ್ ಇಲ್ಲ, ಬಿಪಿ ಹಿಡಿತದಾಗ ಐತಿ, ಕಿಡ್ನಿ ಚಲೋ ಅದಾವ ಅಂದ್ರ 60ರ ತಾಯಿನೂ ಕೊಡಬಹುದು, ನಮ್ಮ ದೇಶದಾಗ ಮಕ್ಕಳಿಗೆ ಕಿಡ್ನಿ ಕೊಟ್ಟ ತಾಯಂದಿರು ಲೆಕ್ಕಕ್ಕಿಲ್ಲ. ಭಾವನ ಬ್ಲಡ್ ಗ್ರೂಪ್ ಯಾವುದು ಅಂತ ಯಾರರ ಕೇಳ್ಯಾರೇನು? ನೀವು ಜಗಳಕ್ಕ ನಿಂತು ಕೇಳಬ್ಯಾಡ್ರಿ, ಅದನ್ನ ನಾವು ಡಾಕ್ಟ್ರು ಕೇಳ್ತೀವಿ: ‘ಮನ್ಯಾಗ ಯಾರ್ಯಾರು ಅದೀರಿ, ಎಲ್ಲಾರೂ ಗ್ರೂಪ್ ಚೆಕ್ ಮಾಡಿಸ್ರಿ.’ ಈ ಮಾತು ಅಂದ ಕೂಡ್ಲೆ ಕೆಲವ್ರಿಗೆ ಹೊಲದ ಕೆಲಸ ನೆನಪಾಗ್ತೈತಿ. ಗ್ರೂಪ್ ಕೂಡದಿದ್ರೂ ಅದಲು ಬದಲು ಮಾಡ್ಕೊಳ್ಳಾಕ 2011ರಿಂದ ಕಾಯ್ದೆಯೊಳಗ ಅವಕಾಶ ಐತಿ, ಇವ್ರ ಮನಿ ದಾನಿ ಅವ್ರ ಮನಿ ರೋಗಿಗೆ, ಅವ್ರ ಮನಿಯವ್ರು ಇವ್ರಿಗೆ, ದಾನಕ್ಕ ಪರವಾನಿಗಿ ಕೊಡೂ ಅಧಿಕೃತ ಸಮಿತಿ ಒಪ್ಪಿದ್ರ.

ನಿಮ್ಮ ತಮ್ಮನ ಮಾತಿಗೆ ಬಂದ್ರ, ಅಂವ ನಿಮ್ಮ ಗಂಡಗ ಕಾಯ್ದೆ ಲೆಕ್ಕದಾಗ ಹತ್ತಿರದ ಸಂಬಂಧಿ ಅಲ್ಲ. ಕೊಡಬಾರದು ಅಂತಿಲ್ಲ, ಆದ್ರ ಅಧಿಕೃತ ಸಮಿತಿ ಮುಂದ ಹೋಗಬೇಕು, ಪ್ರೀತಿಗೆ ಕೊಡ್ತಾನೋ ರೊಕ್ಕಕ್ಕೋ ಅಂತ ಅವ್ರು ಬಿಡಿಸಿ ಕೇಳ್ತಾರ. ರೊಕ್ಕದ ವ್ಯವಹಾರ ಅಂತ ಆದ್ರ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ದಂಡ. ಅದಕ್ಕಿಂತ ಹೆಚ್ಚು ನಿಮಗ ಕೇಳಬೇಕನಿಸಿದ್ದು ಒಂದೈತಿ, ನಿಮ್ಮ ಕುತ್ತಿಗಿ ಮ್ಯಾಲಿನ ಭಾರ ತಗದು ತಮ್ಮನ ಕುತ್ತಿಗಿಗೆ ಹಾಕಾಕ ಹೊಂಟಿಲ್ಲ ಹೌದಿಲ್ಲೋ? ಅಕ್ಕ ಅತ್ತಕೋಂತ ಕೇಳಿದ್ರ ಯಾವ ತಮ್ಮ ಒಲ್ಲೆ ಅಂತಾನ? ಅಂವ ತಾನಾಗಿ ಬಂದ್ರ ಬ್ಯಾರೆ ಮಾತು.

ಪಾಪದ ಬಗ್ಗೆ ಕೇಳೀರಿ. ನಾನು ಸ್ವಾಮಿ ಅಲ್ಲ, ಡಾಕ್ಟ್ರು. ಆದ್ರ ನಿಮ್ಮ ಮನಿಯೊಳಗನ ಒಂದು ಪುರಾವೆ ಐತಿ: ನೆಗೆಣ್ಣಿ ತನ್ನ ಗಂಡನ ಕಿಡ್ನಿ ಕೊಡಗೊಡೂದಿಲ್ಲ ಅಂದ್ಲು, ಅದನ್ನ ಯಾರೂ ಪಾಪ ಅನ್ನಲಿಲ್ಲ, ‘ಅಕಿ ಸಂಸಾರ ಅಕಿ ನೋಡ್ಕೋಬೇಕಲ್ಲ’ ಅಂದ್ರು. ಗಂಡಸಿನ ಮೈ ಉಳಸಾಕ ಹೆಣ್ಮಗಳು ಒಲ್ಲೆ ಅಂದ್ರ ಅದು ಶಾಣ್ಯಾತನ, ತನ್ನ ಮೈ ಉಳಸಾಕ ಒಲ್ಲೆ ಅಂದ್ರ ಪಾಪ, ಇದು ಯಾವ ನ್ಯಾಯ ಅಂತ ನನಗಂತೂ ತಿಳಿದಿಲ್ಲ. ದೇಶದ ಲೆಕ್ಕನೂ ಹಂಗ ಐತಿ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ 1995ರಿಂದ 2021ರ ಮಟ ಕೊಟ್ಟ ಲೆಕ್ಕದಾಗ 36,640 ಕಸಿ ಆಗ್ಯಾವ, ಅದ್ರಾಗ ಅಂಗ ತಗೊಂಡವ್ರೊಳಗ 29 ಸಾವಿರಕ್ಕಿಂತ ಹೆಚ್ಚು ಗಂಡಸ್ರು, ಹೆಂಗಸ್ರು 7 ಸಾವಿರಕ್ಕೂ ಮುಟ್ಟಿಲ್ಲ. ಬದುಕಿದ್ದು ಕೊಡವ್ರೊಳಗ ನೋಡಿದ್ರ ತಿರುವು ಮುರುವು, ಹೆಚ್ಚಿನವ್ರು ಹೆಂಡ್ತಿ, ತಾಯಿ. ಗಂಡ ಹೆಂಡ್ತಿಗೆ ಕೊಡೂದು ಕಮ್ಮಿ ಯಾಕ ಅಂತ ಕೇಳಿದ್ರ ಒಂದು ವೈದ್ಯಕೀಯ ಕಾರಣ ಖರೇ ಐತಿ, ಬಸರಿದ್ದಾಗ ಕೂಸಿನ ಮುಖಾಂತರ ಗಂಡನ ಅಂಶ ಹೆಂಡ್ತಿ ರಕ್ತಕ್ಕ ಪರಿಚಯ ಆಗಿ ಅದರ ವಿರುದ್ಧ ಆಂಟಿಬಾಡಿ ಹುಟ್ಟಿರಬಹುದು, ಹಂಗಾಗಿ ಕೆಲವ್ರಿಗೆ ಗಂಡನ ಕಿಡ್ನಿ ಹೊಂದೂದಿಲ್ಲ. ಆದ್ರ ಅಷ್ಟು ದೊಡ್ಡ ಫರಕ್ಕಿಗೆ ಆಂಟಿಬಾಡಿ ಒಂದ ಕಾರಣ ಅಂತ ಯಾರರ ಅಂದ್ರ ನಾ ಒಪ್ಪೂದಿಲ್ಲ, ಟೆಸ್ಟಿಗೆ ಬಂದ್ರಲ್ಲೇನು ಆಂಟಿಬಾಡಿ ಗೊತ್ತಾಗೂದು.

ಇಷ್ಟೆಲ್ಲಾ ಬರದ ಮ್ಯಾಲೆ ನಿಮ್ಮ ಪತ್ರ ಇನ್ನೊಮ್ಮಿ ಓದಿದೆ. ಅತ್ತಿ ಏನಂದ್ರು ಐತಿ, ಭಾವ ಏನಂದ್ರು ಐತಿ, ಮೈದುನ, ನೆಗೆಣ್ಣಿ ಎಲ್ಲಾರೂ ಅದಾರ. ನಿಮ್ಮ ಗಂಡ ಏನಂದ್ರು ಅನ್ನೂದು ಎಲ್ಲೂ ಇಲ್ಲ. ಡಯಾಲಿಸಿಸ್ ಮ್ಯಾಲೆ ಇರೂ ಗಂಡಸ್ರೊಳಗ ‘ಅಕಿ ಮೈಗೆ ಕತ್ತರಿ ಹಾಕಸೂದು ನನಗ ಬ್ಯಾಡ’ ಅನ್ನವ್ರು ನೀವು ತಿಳಕೊಂಡದ್ದಕ್ಕಿಂತ ಹೆಚ್ಚು ಮಂದಿ ಅದಾರ, ಮನ್ಯಾಗ ಯಾರೂ ಕೇಳೂದಿಲ್ಲ, ಅವ್ರೂ ಬಾಯಿ ಬಿಡೂದಿಲ್ಲ. ಹಿಂಗ ಇರ್ಲಿಕ್ಕೂ ಸಾಕು, ಇರದನೂ ಇರಬಹುದು, ಅವ್ರಿಗೆ ನಿಮ್ಮದ ಬೇಕು ಅಂತ ಇರಬಹುದು, ಜೀವದ ಆಸೆ ಯಾರಿಗಿಲ್ಲ. ಡಯಾಲಿಸಿಸ್ಸಿಗೆ ಹೋಗೂ ದಿನ ಜೋಡಿ ನೀವ ಹೋಗ್ರಿ, ಭಾವನ್ನ ಬಿಡ್ರಿ. ನಾಕು ತಾಸು ಬಾಜೂಕ ಕುಂದ್ರಾಕ ಸಿಗತೈತಿ. ಕೇಳಿದ್ರ ಹಿಂಗ ಕೇಳ್ರಿ, ‘ನೀವೇನ ಅಂತೀರಿ?’ ನಿಮ್ಮ ತೀರ್ಮಾನ ಅವ್ರ ಉತ್ತರದ ಮ್ಯಾಲೆ ನಿಂತಿಲ್ಲ, ಅವ್ರು ಬೇಕು ಅಂದ್ರೂ ನಿಮ್ಮ ಹಕ್ಕು ಕಮ್ಮಿ ಆಗೂದಿಲ್ಲ. ಆದ್ರ ಅವ್ರು ಬ್ಯಾಡ ಅಂದ್ರ, ಆಸ್ಪತ್ರಿಯೊಳಗ ಅದನ್ನ ಅವ್ರ ಬಾಯಿಂದನ ಹೇಳಸ್ರಿ. ತಗೊಳ್ಳಾವ ಒಲ್ಲೆ ಅಂದ ಮ್ಯಾಲೆ ನಾವು ಆ ಫೈಲನ್ನ ಅಲ್ಲಿಗೆ ಮುಚ್ಚತೀವಿ, ನಿಮ್ಮ ಹೆಸರು ಅದ್ರಾಗ ಬರೂದ ಇಲ್ಲ.

ಇನ್ನೊಂದು ಸಣ್ಣ ಕೆಲಸ. ನೀವು ಕೊಡ್ರಿ ಬಿಡ್ರಿ, ಮಗಳಿಗೆ ಐದು ವರ್ಷ ಅಂದ್ರಿ, ತಂದಿಗೆ 37ಕ್ಕ ಎರಡೂ ಕಿಡ್ನಿ ಹೋಗ್ಯಾವ, ಯಾಕ ಹೋದ್ವು ಅಂತ ಡಾಕ್ಟ್ರು ಹೇಳ್ಯಾರೇನು? ಬಿಪಿಯಿಂದನೋ, ಮೈಕೈ ನೋವಿಗೆ ಅಂತ ದಿನಾ ನುಂಗಿದ ನೋವಿನ ಗುಳಿಗಿಯಿಂದನೋ, ಇಲ್ಲಾ ಮನೆತನದಾಗ ನಡದು ಬರೂ ರೋಗನೋ. ಮನೆತನದ್ದು ಅಂತ ಆದ್ರ ಭಾವ ಮತ್ತ ಮೈದುನ ದಾನಿ ಆಗೂದ್ರಾಗನೂ ಫರಕ್ ಬೀಳತೈತಿ, ಮಗಳ ಉಚ್ಚಿ ಮತ್ತ ಬಿಪಿ ತಪಾಸಣಿನೂ ಆಗಾಗ ಮಾಡಸಬೇಕಾಗ್ತೈತಿ. ಮುಂದಿನ ತಿಂಗಳ ಬರೂವಾಗ ಅವ್ರ ಹಳೆ ಫೈಲು, ಸ್ಕ್ಯಾನಿಂಗ್ ರಿಪೋರ್ಟು, ಇಲ್ಲಿಮಟ ತಗೊಂಡ ಗುಳಿಗಿ ಚೀಟಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಬರ್ರಿ, ಮದುವಿ ಆಲ್ಬಮ್ ಮನ್ಯಾಗ ಇದ್ರೂ ನಡೀತೈತಿ.